ಬಾಲ ಹಿಡಿದರೆ ಪದ ಸಿಕ್ಕಿತು

ಉದ್ದುದ್ದ ಇಂಗ್ಲಿಷ್ ಪದಗಳ ಹುಚ್ಚು ಹತ್ತಿದವರು ಮೊದಲು ನೋಡುವುದು ಪದದ ಬಾಲವನ್ನು. ಒತ್ತು ಎಲ್ಲಿ ಬೀಳಬೇಕೆಂದು ಎಷ್ಟೋ ಸಲ ತೀರ್ಮಾನಿಸುವುದು ಅದೇ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫಟಾಗ್ರಫಿ’ ಎನ್ನುವಾಗ ‘ಟಾ’ಗೆ ಜಿಗಿದು, ‘ಫೋ’ ಸೊರಗಿ ‘ಫ’ ಆಗುತ್ತದೆ. ‘ಫೋಟೋಗ್ರಾಫಿಕ್’ ಎಂದರೋ, ‘ಗ್ರಾ’ ಮೇಲೆ. ಎಲ್ಲ ಪ್ರತ್ಯಯಗಳೂ ಹೀಗೆ ತುಂಟವಲ್ಲ. ‘ಹ್ಯಾಪಿ’ಗೆ ‘ನೆಸ್’ ಸೇರಿದರೆ ಅದು ಜಗಲಿಯಲ್ಲಿ ಕೂತ ನೆಂಟನ ಹಾಗೆ, ಒಳಗಿನ ಸಾಮಾನು ಮುಟ್ಟುವುದಿಲ್ಲ.

ಲಘು–ಗುರು ಎಣಿಸಿ ಪಳಗಿದ ಕನ್ನಡದ ಕಿವಿಗೆ ಇದು ಹೊಸ ಆಟ. ಕನ್ನಡದಲ್ಲಿ ಒಂದಕ್ಷರವನ್ನು ಗುದ್ದಿ ಹೇಳಿದ ಮಾತ್ರಕ್ಕೆ ಪದ ಬೇರೆಯಾಗದು.

ಈ ಹುಚ್ಚರ ಮುದ್ದಿನ ಪದ ‘ಆಂಟಿಡಿಸೆಸ್ಟಾಬ್ಲಿಷ್‌ಮೆಂಟೇರಿಯನಿಸಂ’. 28 ಅಕ್ಷರ, ಉಚ್ಚಾರದ ತುಂಡುಗಳು 12. ಐರ್ಲೆಂಡಿನ ಆಂಗ್ಲಿಕನ್ ಚರ್ಚಿನ ಸರ್ಕಾರಿ ಸ್ಥಾನವನ್ನು ಬ್ರಿಟಿಷ್ ಪಾರ್ಲಿಮೆಂಟು 1869ರ ಕಾಯಿದೆಯಿಂದ ಕಿತ್ತುಹಾಕಿತು. ಚರ್ಚಿಗೆ ಆ ಸ್ಥಾನ ಇರಲೇಬೇಕೆಂದು ಪಟ್ಟು ಹಿಡಿಯುವವರ ನಿಲುವಿಗೆ ಈ ಹೆಸರು. ಒಳಗಿರುವುದು ‘ಎಸ್ಟಾಬ್ಲಿಷ್’, ಒತ್ತು ‘ಟಾ’ ಮೇಲೆ. ‘ಮೆಂಟ್’ ಬಂದರೂ, ‘ಡಿಸ್’ ಬಂದರೂ ಅದು ಜಗ್ಗದು. ‘ಏರಿಯನ್’ ಬಂದದ್ದೇ ತಡ, ಒತ್ತು ‘ಟೇ’ಗೆ ಓಡುತ್ತದೆ. ಆಮೇಲೆ ಬರುವ ‘ಇಸಂ’ ಏನನ್ನೂ ಕದಲಿಸುವುದಿಲ್ಲ. ಇಷ್ಟು ಗೊತ್ತಿದ್ದರೆ ನಾಲಿಗೆ ತೊಡರುವುದಿಲ್ಲ.

‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಒಂದಕ್ಷರ ಹೆಚ್ಚು, ತುಂಡುಗಳು ಮಾತ್ರ ಅಷ್ಟೇ. ಕ್ಷುಲ್ಲಕ ಎಂಬರ್ಥದ ನಾಲ್ಕು ಲ್ಯಾಟಿನ್ ಮಾತುಗಳನ್ನು ಹೊಸೆದು ‘ಫಿಕೇಷನ್’ ಅಂಟಿಸಿದ ಪಂಡಿತರ ಕೀಟಲೆ ಇದು. ಕವಿ ವಿಲಿಯಂ ಶೆನ್‌ಸ್ಟನ್ 1741ರಲ್ಲೇ ಪತ್ರವೊಂದರಲ್ಲಿ ಬಳಸಿದ್ದ. ‘ನಿಹಿಲಿಪಿಲಿಫಿ’ ಎಂದು ತುದಿಗಾಲಲ್ಲಿ ಓಡಿ ‘ಕೇ’ ಮೇಲೆ ಧೊಪ್ಪನೆ ಇಳಿಯುವುದರಲ್ಲೇ ಅದರ ಸುಖವೆಲ್ಲ. ಅರ್ಥ ಯಾರಿಗೆ ಬೇಕು!

45 ಅಕ್ಷರಗಳ ‘ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್’ ಬಗ್ಗೆ ರಸಿಕರಿಗೆ ಅಷ್ಟು ಗೌರವವಿಲ್ಲ. ಅದು ಬೆಳೆದ ಪದವಲ್ಲ, ದಾಖಲೆಗೆಂದೇ ಕಟ್ಟಿದ್ದು. ಅಮೆರಿಕದ ನ್ಯಾಷನಲ್ ಪಝಲರ್ಸ್ ಲೀಗ್‌ನ ಅಧ್ಯಕ್ಷ ಎವರೆಟ್ ಸ್ಮಿತ್ 1935ರಲ್ಲಿ ಅದನ್ನು ಪೋಣಿಸಿದ. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದರ್ಥ. ಆದರೂ ಬಾಲದ ಕಟ್ಟಳೆಯನ್ನು ಈ ಕೃತಕ ಪದ ಮೀರಿಲ್ಲ: 19 ತುಂಡುಗಳ ಮೆರವಣಿಗೆ ಮುಗಿಯುವಾಗ ಮುಖ್ಯ ಒತ್ತು ‘ಸಿಸ್’ಗೆ ಮುಂಚಿನ ‘ಓ’ ಮೇಲೆಯೇ. ವೈದ್ಯರು ಇಷ್ಟುದ್ದ ಬರೆಯುವ ಗೋಜಿಗೆ ಹೋಗುವುದಿಲ್ಲ, ‘ಸಿಲಿಕೋಸಿಸ್’ ಎಂದು ಒಂಬತ್ತೇ ಅಕ್ಷರಗಳಲ್ಲಿ ಮುಗಿಸುತ್ತಾರೆ. ಒತ್ತು ಅಲ್ಲೂ ‘ಕೋ’ ಮೇಲೆ.