ಆಕಾಶಕ್ಕೊಂದು ಮೀಟರು

ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಖಜಾಂಚಿ ಸಂಭಾವಿತ ಮನುಷ್ಯ. ಎಷ್ಟೇ ಸಿಟ್ಟು ಬಂದಿದ್ದರೂ ಇಮೇಲಿನ ಕೊನೆಗೆ ಧನ್ಯವಾದ ಹೇಳುವ ಜಾತಿ. ಅಂಥವನು ಕಳಿಸಿದ ಪತ್ರ ಓದಿ ನನ್ನ ಬೆಳಗಿನ ಕಾಫಿ ಆರಿಹೋಯಿತು. ವಿಮಾನದ ಗಂಟೆಯ ದರ ಮತ್ತೆ ಏರಿಸಬೇಕು ಎಂದಿದ್ದಾನೆ. ಅದಕ್ಕೆ ನನ್ನ ತಕರಾರಿಲ್ಲ. ಸ್ಯಾನ್ ಹೊಸೆಯಲ್ಲಿ ಏರದೆ ಉಳಿದಿರುವುದು ಏನಿದೆ? ಅದರ ಕೆಳಗೆ, ತೀರಾ ಸಣ್ಣ ವಿಷಯವೆಂಬಂತೆ, ಇನ್ನು ಮೇಲೆ ಟ್ಯಾಕ್ ಲೆಕ್ಕ ಬಿಟ್ಟು ಹಾಬ್ಸ್ ಲೆಕ್ಕದಲ್ಲಿ ಹಣ ಹಿಡಿಯೋಣವೇ ಎಂದು ಕೇಳಿದ್ದಾನೆ. ದರ ಏರಿದರೆ ಜೇಬಿಗೆ ಪೆಟ್ಟು, ಅಷ್ಟೆ. ಮೀಟರ್ ಬದಲಾದರೆ ಮನುಷ್ಯರೇ ಬದಲಾಗುತ್ತಾರೆ.

ಹಾಬ್ಸ್ ಮೀಟರಿಗೆ ದಯೆ ದಾಕ್ಷಿಣ್ಯವಿಲ್ಲ. ಎಂಜಿನ್ ಶುರುವಾಗಿ ಆಯಿಲ್ ಒತ್ತಡ ಏರಿತೋ, ಅದು ಓಡತೊಡಗುತ್ತದೆ; ಆರು ನಿಮಿಷಕ್ಕೊಂದು ಅಂಕಿ ಉರುಳಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಏರುತ್ತಲೇ ಇರುವ ಬೆಂಗಳೂರಿನ ಆಟೋ ಮೀಟರಿನ ಹಾಗೆ. ಟ್ಯಾಕ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ಮೇಲೆ ಕ್ರೂಸ್‌ನಲ್ಲಿ ಹೋಗುವಾಗ ಗಡಿಯಾರದ ಸಮಕ್ಕೆ ನಡೆಯುತ್ತದೆ; ನೆಲದ ಮೇಲೆ ಸಾವಿರ ಸುತ್ತಿನಲ್ಲಿ ಗೊಣಗುತ್ತ ನಿಂತಾಗ ಅದರ ಅರ್ಧದ ವೇಗವನ್ನೂ ಮುಟ್ಟುವುದಿಲ್ಲ. ಎಂಜಿನ್ ಸವೆದಷ್ಟಕ್ಕೆ ಮಾತ್ರ ದುಡ್ಡು ಕೇಳುವ ಸಾತ್ವಿಕ ಮೀಟರು ಅದು. ಲೈಕಮಿಂಗ್ ಕಂಪನಿ ತನ್ನ ಎಂಜಿನ್ನನ್ನು 2,000 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಕಟ್ಟಿ ಎನ್ನುತ್ತದಲ್ಲ, ಆ ಗಂಟೆಗಳನ್ನು ನಾವು ಅಳೆಯುವುದೂ ಟ್ಯಾಕ್‌ನಲ್ಲೇ. ನ್ಯಾಯ ಯಾವ ಕಡೆಗಿದೆ ಎಂದು ಬೇರೆ ಹೇಳಬೇಕೆ?

ಹಾಬ್ಸ್ ಲೆಕ್ಕದವನನ್ನು ದೂರದಿಂದಲೇ ಗುರುತಿಸಬಹುದು. ಎಂಜಿನ್ ಹಚ್ಚಿದ ಮರುಗಳಿಗೆಯಿಂದ ಅವನಿಗೆ ಅವಸರ. ಆಯಿಲ್ ಇನ್ನೂ ಬೆಚ್ಚಗಾಗಿರುವುದಿಲ್ಲ, ಆಸಾಮಿ ಆಗಲೇ ಟ್ಯಾಕ್ಸಿ ಮಾಡುತ್ತ ಹೊರಟಿರುತ್ತಾನೆ. ಚೆಕ್‌ಲಿಸ್ಟನ್ನು ಮದುವೆಮನೆಯ ಪುರೋಹಿತರು ಮುಹೂರ್ತ ಮೀರುತ್ತಿರುವಾಗ ಹೇಳುವ ವೇಗದಲ್ಲಿ ಹೇಳಿ ಮುಗಿಸುತ್ತಾನೆ. ಟವರ್‌ನವರು ತಡೆದು ನಿಲ್ಲಿಸಿದರೆ ಸೀಟಿನಲ್ಲೇ ಕೊಸರಾಡುತ್ತಾನೆ. ಟ್ಯಾಕ್ ಲೆಕ್ಕದವನು ನಿಂತಲ್ಲಿ ನಿಂತೇ ಮ್ಯಾಪು ನೋಡುತ್ತಾನೆ, ಪಕ್ಕದಲ್ಲಿ ಕೂತವರ ಬೆಲ್ಟು ಇನ್ನೊಮ್ಮೆ ಎಳೆದು ನೋಡುತ್ತಾನೆ. ಮೇಲೆ ಹೋದ ಮೇಲೂ ಥ್ರಾಟಲ್ ಸ್ವಲ್ಪ ಹಿಂದೆಳೆದುಕೊಂಡು ಹಾಫ್ ಮೂನ್ ಬೇಯ ಕಡಲಂಚಿನಲ್ಲಿ ತೇಲುತ್ತಾನೆ. ಖಜಾಂಚಿಯ ದೂರೇ ಇದು: ಸದಸ್ಯರು ನಿಧಾನವಾಗಿ ಹಾರಿಸಿ ಮೀಟರಿಗೆ ಮೋಸ ಮಾಡುತ್ತಾರಂತೆ! ನಿಧಾನವಾಗಿ ಹೋದರೆ ಪೆಟ್ರೋಲೂ ಕಡಿಮೆಯೇ ಸುಡುತ್ತದೆ ಮಾರಾಯ ಎಂದೆ. ಸ್ಪ್ರೆಡ್‌ಶೀಟ್ ತೆರೆದು ತೋರಿಸಿದ. ಸ್ಪ್ರೆಡ್‌ಶೀಟಿನ ಜೊತೆ ವಾದ ಮಾಡಿ ಗೆದ್ದವರುಂಟೆ?

ಅವನನ್ನೂ ಪೂರ್ತಿ ದೂರುವಂತಿಲ್ಲ. 1956ರ ಮಾಡೆಲ್ ಆಗಿ ಸೆಸ್ನಾ 172 ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಒಂಬತ್ತು ಸಾವಿರ ಡಾಲರಿನೊಳಗಿತ್ತು. ಹಣದುಬ್ಬರ ಸೇರಿಸಿದರೂ ಇಂದಿನ ಲೆಕ್ಕದಲ್ಲಿ ಒಂದು ಲಕ್ಷದ ಆಸುಪಾಸು. ಹೊಸ 172 ಈಗ ನಾಲ್ಕು ಲಕ್ಷ ದಾಟಿದೆ. ನಡುವೆ ಇನ್ನೊಂದು ಕಥೆ ನಡೆಯಿತು. ಅಪಘಾತದ ದಾವೆಗಳ ಭಾರಕ್ಕೆ ಬೇಸತ್ತು ಸೆಸ್ನಾ 1986ರಲ್ಲಿ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನ ಮಾಡುವುದನ್ನೇ ನಿಲ್ಲಿಸಿತು. 1994ರಲ್ಲಿ ಹದಿನೆಂಟು ವರ್ಷಕ್ಕಿಂತ ಹಳೆಯ ವಿಮಾನದ ಮೇಲೆ ತಯಾರಕರನ್ನು ಕೋರ್ಟಿಗೆಳೆಯುವುದಕ್ಕೆ ಕಾನೂನು ಮಿತಿ ಹಾಕಿದ ಮೇಲೆ ಮತ್ತೆ ಶುರುವಾಯಿತು. ಬಡವರ ವಿಮಾನವಾಗಿದ್ದ ಎರಡು ಸೀಟಿನ 152 ಮಾತ್ರ ವಾಪಸು ಬರಲೇ ಇಲ್ಲ. ಹೀಗಾಗಿ ನಮ್ಮಂಥ ಕ್ಲಬ್ಬುಗಳು ಎಪ್ಪತ್ತರ ದಶಕದ ವಿಮಾನಗಳನ್ನೇ ತೇಪೆ ಹಚ್ಚಿ ಹಾರಿಸುತ್ತಿವೆ. ನಮ್ಮದು 1978ರ 172 ಎನ್. ಅದರೊಳಗಿರುವ ಎಚ್2ಎಡಿ ಎಂಜಿನ್ನಿಗೆ ವಿಚಿತ್ರ ಕಾಯಿಲೆ: ದಿನಾ ದುಡಿಸಿದರೆ ಗಟ್ಟಿಮುಟ್ಟು, ವಾರಗಟ್ಟಲೆ ಸುಮ್ಮನೆ ನಿಲ್ಲಿಸಿದರೆ ಕ್ಯಾಮ್ ಶಾಫ್ಟ್ ತುಕ್ಕು ಹಿಡಿದು ಸವೆಯತೊಡಗುತ್ತದೆ. ದರ ಏರಿತು ಎಂದು ಸದಸ್ಯರು ಹಾರಾಟ ಕಡಿಮೆ ಮಾಡುತ್ತಾರೆ. ಕಡಿಮೆ ಮಾಡಿದ್ದಕ್ಕೆ ಎಂಜಿನ್ ಕೆಡುತ್ತದೆ. ಕೆಟ್ಟದ್ದಕ್ಕೆ ದರ ಏರುತ್ತದೆ. ಹ್ಯಾಂಗರ್ ಬಾಡಿಗೆ, ವಿಮೆ ಇವಂತೂ ವಿಮಾನ ಹಾರಲಿ ಬಿಡಲಿ ತಿಂಗಳಾದೊಡನೆ ಬಂದು ಬಾಗಿಲು ತಟ್ಟುತ್ತವೆ. ಒಬ್ಬ ಪಾಲು ಮಾರಿ ಹೋದರೆ ಅವನ ಹೊರೆ ಉಳಿದವರ ಹೆಗಲಿಗೆ, ಆ ಭಾರಕ್ಕೆ ಇನ್ನೊಬ್ಬ ಹೊರಡುತ್ತಾನೆ.

1980ರ ಹೊತ್ತಿಗೆ ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿನವರು ಮೂರೂವರೆ ಲಕ್ಷ ಜನ ಇದ್ದರು. ಈಗ ಉಳಿದಿರುವುದು ಅದರ ಅರ್ಧದಷ್ಟು. ನಾನು ಸೇರಿದಾಗ ನಮ್ಮ ಕ್ಲಬ್ಬಿನಲ್ಲಿ ಅಂಚೆ ಇಲಾಖೆಯ ನಿವೃತ್ತರೊಬ್ಬರಿದ್ದರು, ಲೇತ್ ಕೆಲಸದವರೊಬ್ಬರು, ಹೈಸ್ಕೂಲಿನ ಗಣಿತದ ಮೇಷ್ಟರೊಬ್ಬರು. ಈಗ ಸಭೆಯಲ್ಲಿ ಯಾರನ್ನು ಮುಟ್ಟಿದರೂ ಸಾಫ್ಟ್‌ವೇರು. ಪಾಲಿನ ಬೆಲೆ ಏರಿಸಿದ್ದು ನನ್ನಂಥವರೇ, ಗೊಣಗುವವನೂ ನಾನೇ.

ಅದಿರಲಿ. ನನ್ನ ನಿಜವಾದ ಜಗಳ ಇರುವುದು ಪ್ಯಾಟರ್ನ್, ಅಂದರೆ ಇಳಿಯುವ ಮುನ್ನ ರನ್‌ವೇ ಪಕ್ಕದಲ್ಲಿ ಹಾಕುವ ಸುತ್ತಿನ, ಅಗಲದ ಬಗ್ಗೆ.

ರನ್‌ವೇ ಪಕ್ಕದಲ್ಲಿ ಸಾವಿರ ಅಡಿ ಎತ್ತರದಲ್ಲಿ ಡೌನ್‌ವಿಂಡ್, ಅಂದರೆ ಗಾಳಿ ಬೆನ್ನಿಗೆ, ಹೋಗುತ್ತಿದ್ದೀರಿ. ಇಳಿಯಬೇಕಾದ ಜಾಗ ರೆಕ್ಕೆಯ ನೇರಕ್ಕೆ ಬಂತು. ಥ್ರಾಟಲ್ ಪೂರ್ತಿ ಹಿಂದಕ್ಕೆಳೆಯಿರಿ. ಇನ್ನು ಎಂಜಿನ್ ಇಲ್ಲವೆಂದೇ ತಿಳಿಯಿರಿ. ಗಾಳಿ ನೋಡಿಕೊಂಡು ತಿರುಗಿ, ಫ್ಲಾಪ್ ಬಿಡಿ, ಎತ್ತರ ಜಾಸ್ತಿಯಾಯಿತೋ, ಒಂದು ರೆಕ್ಕೆ ತಗ್ಗಿಸಿ ಎದುರು ಕಾಲಿನ ರಡ್ಡರ್ ಒತ್ತಿ ಸ್ಲಿಪ್ ಮಾಡಿ. ವಿಮಾನ ಓರೆಯಾಗಿ, ಮುನಿಸಿಕೊಂಡವರಂತೆ ಮುಖ ಒಂದು ಕಡೆ ತಿರುಗಿಸಿಕೊಂಡು ಕೆಳಗಿಳಿಯುತ್ತದೆ. ನೆಲ ಹತ್ತಿರವಾದಾಗ ನೇರ ಮಾಡಿ, ಹಿಡಿದು ಹಿಡಿದು, ಇನ್ನು ಹಾರಲಾರೆ ಎಂದು ಅದೇ ಕೈಬಿಟ್ಟಾಗ ಚಕ್ರ ತಾಗುತ್ತದೆ. ಇದಕ್ಕಿಂತ ದೊಡ್ಡ ಸುಖ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಮೀಟರಿಗೂ ಉಳಿತಾಯ.

ಫ್ಲಾಪ್ ಬಿಟ್ಟು 172ರಲ್ಲಿ ಸ್ಲಿಪ್ ಮಾಡಬಾರದು ಎಂದು ಹೇಳುವವರು ಈ ಹೊತ್ತಿಗೆ ಎದ್ದು ನಿಂತಿರುತ್ತಾರೆ. ಕೂತುಕೊಳ್ಳಿ. ಕೈಪಿಡಿಯಲ್ಲಿ ಇರುವುದು ಸಲಹೆ, ನಿಷೇಧವಲ್ಲ. ಫ್ಲಾಪ್ ಜಾಸ್ತಿ ಬಿಟ್ಟು ಜೋರಾಗಿ ಸ್ಲಿಪ್ ಮಾಡಿದರೆ ಬಾಲದ ಮೇಲೆ ಬರುವ ಗಾಳಿ ಕದಡಿ ಮೂತಿ ಮೇಲೆ ಕೆಳಗೆ ತೂಗಾಡಬಹುದು. ತೂಗಾಡಿದರೆ ರಡ್ಡರ್ ಸಡಿಲಿಸಿ, ಮುಗಿಯಿತು. ಇದೇ ವಿಷಯಕ್ಕೆ ನಮ್ಮಲ್ಲಿ ಇಬ್ಬರು ಬೋಧಕರು ಪರಸ್ಪರ ಮಾತು ಬಿಟ್ಟಿದ್ದಾರೆ. ಒಬ್ಬರು ಸ್ಲಿಪ್ ಪಕ್ಷ, ಇನ್ನೊಬ್ಬರು ಮೂರ್ಖರ ಪಕ್ಷ.

ಈಗ ನಮ್ಮ ರೀಡ್-ಹಿಲ್‌ವ್ಯೂ ನಿಲ್ದಾಣದ ಮೇಲೆ ನೋಡಿ. ಟವರ್‌ನವರೇ ಮುಂದೆ ಹೋಗು ಎಂದರೆ ಬೇರೆ ಮಾತು. ಯಾರೂ ಹೇಳದಿದ್ದರೂ ತರಬೇತಿಯ ವಿಮಾನಗಳು ಈಸ್ಟ್‌ರಿಡ್ಜ್ ಮಾಲ್ ದಾಟಿ ಇನ್ನೂ ಎಲ್ಲಿಗೋ ಹೋಗಿ, ಮೈಲುಗಟ್ಟಲೆ ಉದ್ದದ ಫೈನಲ್ ಹಿಡಿದು, ಮೂತಿ ಎತ್ತಿಕೊಂಡು, ಎಂಜಿನ್ ಬಲದಲ್ಲಿ ತೆವಳುತ್ತ ಬರುತ್ತವೆ. ಅಲ್ಲಿ ಎಂಜಿನ್ ನಿಂತರೆ ಕೆಳಗಿರುವುದು ಮನೆಗಳು, ಶಾಲೆಗಳು. ಆ ವಿಮಾನಗಳ ಹಿಂದೆ ನಾವು ಸಾಲುಗಟ್ಟಿ ಬರಬೇಕು. ಒಂದು ಸುತ್ತಿನ ಹೊತ್ತಿನಲ್ಲಿ ಎರಡು ಸುತ್ತು ಮುಗಿಯುತ್ತಿತ್ತು. ಏಕೆ ಹೀಗೆ ಎಂದು ಅವರ ಬೋಧಕರನ್ನು ಕೇಳಿದರೆ, ಹುಡುಗ ಮುಂದೆ ಏರ್‌ಬಸ್ ಹಾರಿಸುವವನು, ಈಗಿನಿಂದಲೇ ಅದೇ ಅಭ್ಯಾಸವಾಗಲಿ ಎನ್ನುತ್ತಾರೆ. ಸ್ವಾಮೀ, ಅವನು ಕೂತಿರುವುದು 160 ಅಶ್ವಶಕ್ತಿಯ ಸೆಸ್ನಾದಲ್ಲಿ! ಏರ್‌ಬಸ್ ಬಂದಾಗ ಏರ್‌ಬಸ್ಸಿನ ಅಭ್ಯಾಸ ಮಾಡಲಿ.

ಒಳಗಿನ ಕಾರಣ ಬೇರೆ ಇದೆ. 2009ರಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದ ಮೇಲೆ, 2013ರಿಂದ ಏರ್‌ಲೈನ್ ಕೆಲಸಕ್ಕೆ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಎಂಬ ನಿಯಮ ಬಂತು. ಆ ಹುಡುಗರಿಗೆ ಗಂಟೆ ಎಂದರೆ ಬೆಳೆ, ಕೊಯ್ದಷ್ಟೂ ಲಾಭ. ನಮಗೆ ಗಂಟೆ ಎಂದರೆ ಸೋರಿಕೆ. ಒಂದೇ ಆಕಾಶದಲ್ಲಿ ಒಬ್ಬನ ಮೀಟರು ಓಡಲಿ ಎಂದು, ಇನ್ನೊಬ್ಬನದು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರೆ ದೇವರು ಯಾರ ಮಾತು ಕೇಳಬೇಕು? ತರಬೇತಿ ಶಾಲೆಗಳ ಮಾತೇ ನಡೆಯುತ್ತಿದೆ. ಮೆಕ್ಯಾನಿಕ್‌ಗಳು ಅಲ್ಲಿಗೆ ಹೋದರು, ವಿಮಾನಗಳು ಅಲ್ಲಿಗೆ ಹೋದವು, ಬೋಧಕರಂತೂ 1,500 ಮುಟ್ಟಿದ ಮಾರನೆಯ ದಿನ ಫೋನ್ ಎತ್ತುವುದಿಲ್ಲ. ನಮ್ಮ ಊರ ಕಡೆಯೂ ಕಥೆ ಹೆಚ್ಚು ಬೇರೆಯಲ್ಲ. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ಪುಷ್ಪಕ್ ಹುಟ್ಟಿದ್ದೇ ಭಾರತದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ. ಇವತ್ತು ಆ ಕ್ಲಬ್ಬುಗಳಿಗೆ ಹೋಗಿ ಸುಮ್ಮನೆ ಖುಷಿಗೆ ಹಾರಬೇಕು ಎಂದರೆ ಕೆಲಸ ಎಲ್ಲಿ ನೋಡುತ್ತಿದ್ದೀರಿ ಎಂದು ಕೇಳುತ್ತಾರೆ. ಹಾಸನದಿಂದ ಬಂದ ನನ್ನ ಚಿಕ್ಕಪ್ಪನಿಗೂ ಅದೇ ಸಂಶಯ. ಕಡಲು, ಬೆಟ್ಟ ಎಲ್ಲ ತೋರಿಸಿ ಇಳಿಸಿದ ಮೇಲೆ, "ಗಂಟೆಗೆ ಎಷ್ಟು ಕೊಡ್ತಾರೋ ನಿಂಗೆ?" ಎಂದರು. "ನಾನೇ ಕೊಡೋದು ಚಿಕ್ಕಪ್ಪ" ಎಂದೆ. ಮನೆ ತಲುಪುವ ತನಕ ಮಾತಾಡಲಿಲ್ಲ.

ಪೆಟ್ರೋಲಿನ ವಿಷಯ ಎತ್ತಿದರೆ ಪಂಪಿನ ಹತ್ತಿರ ಹೊಡೆದಾಟವೇ ಆಗುತ್ತದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಸಣ್ಣ ವಿಮಾನಗಳ ಪೆಟ್ರೋಲಾದ 100ಎಲ್‌ಎಲ್‌ನಲ್ಲಿ ಇನ್ನೂ ಸೀಸವಿದೆ. ನಮ್ಮ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿ 1ರಿಂದ ತನ್ನ ಎರಡು ನಿಲ್ದಾಣಗಳಲ್ಲಿ ಅದರ ಮಾರಾಟ ನಿಲ್ಲಿಸಿತು. ಬದಲಿಗೆ ಬಂದ ಸೀಸವಿಲ್ಲದ ಯುಎಲ್94 ಹೆಚ್ಚು ಕಂಪ್ರೆಷನ್ನಿನ ಎಂಜಿನ್ನುಗಳಿಗೆ ಆಗಿಬರುವುದಿಲ್ಲ. ಅಂಥವರು ಬೇರೆ ಊರಿಗೆ ಹಾರಿಹೋಗಿ ತುಂಬಿಸಿಕೊಂಡು ಬರಬೇಕಾಯಿತು. ಬೇಲಿಯಾಚೆ ಮಕ್ಕಳಿರುವ ಮನೆಗಳಿವೆ, ಸೀಸ ಹೋಗಲೇಬೇಕು. ಇದನ್ನು ಹ್ಯಾಂಗರ್ ಸಾಲಿನಲ್ಲಿ ಗಟ್ಟಿಯಾಗಿ ಹೇಳಿದರೆ ಯಾರೂ ನಿಮಗೆ ಸ್ಪ್ಯಾನರ್ ಸಾಲ ಕೊಡುವುದಿಲ್ಲ. ಅಲ್ಲಿಯ ತನಕ ಸೀಸದ ಪೆಟ್ರೋಲ್ ಸುಡುವವರಿಗೊಂದು ಕಿವಿಮಾತು. ನೆಲದ ಮೇಲೆ ಮಿಕ್ಸ್ಚರ್ ನಾಬನ್ನು ಎಂಜಿನ್ ಕೆಮ್ಮುವ ಅಂಚಿನವರೆಗೂ ಹಿಂದಕ್ಕೆಳೆದಿಡಿ. ಸ್ಪಾರ್ಕ್ ಪ್ಲಗ್ಗಿನಲ್ಲಿ ಸೀಸದ ಉಂಡೆ ಕಟ್ಟುವುದು ಕಡಿಮೆಯಾಗುತ್ತದೆ. ಅರೆಮನಸ್ಸಿನಿಂದ ಸ್ವಲ್ಪ ಎಳೆಯುವುದೇ ಅಪಾಯ. ಆ ಅಂಚಿನವರೆಗೂ ಎಳೆದಿದ್ದರೆ, ಮರೆತು ಥ್ರಾಟಲ್ ಕೊಟ್ಟರೂ ಎಂಜಿನ್ನೇ ಮುಗ್ಗರಿಸಿ ನೆನಪಿಸುತ್ತದೆ.

ಇಷ್ಟೆಲ್ಲದರಲ್ಲಿ ಕಳೆದುಹೋಗಿದ್ದೇನು ಎಂದು ಕೇಳಿದರೆ, ನನ್ನ ಉತ್ತರ ಆಕಾಶದ್ದಲ್ಲ, ಹ್ಯಾಂಗರಿನದು. ವಾರ್ಷಿಕ ತಪಾಸಣೆಗೆ ಮೊದಲೆಲ್ಲ ನಾವೇ ಸೇರಿ ರೆಕ್ಕೆಯ ಕೆಳಗಿನ ಪ್ಲೇಟು, ಸೀಟು, ಕೌಲಿಂಗ್ ಬಿಚ್ಚಿಡುತ್ತಿದ್ದೆವು. ಮೆಕ್ಯಾನಿಕ್ ಬಂದು ನೋಡಿ, ಬೈದು, ಸಹಿ ಹಾಕುತ್ತಿದ್ದರು. ಲೇತ್ ಕೆಲಸದವರು ತುಕ್ಕು ಹಿಡಿದ ಸ್ಕ್ರೂ ಹೊರಗೆ ತೆಗೆಯುವುದನ್ನು ನೋಡಿದ್ದರೆ ನಿಮಗೆ ಸಂಗೀತ ಕಛೇರಿ ಬೇಡವಾಗುತ್ತಿತ್ತು. ಈಗಿನ ಮೆಕ್ಯಾನಿಕ್‌ಗೆ ನಮ್ಮನ್ನು ಸಂಭಾಳಿಸುವುದೇ ಖರ್ಚು. ಕೀಲಿ ಕೊಟ್ಟು ಹೋಗಿ ಎನ್ನುತ್ತಾರೆ. ಉಳಿದಿರುವುದು ಆಯಿಲ್ ಬದಲಾಯಿಸುವ ಶನಿವಾರ. ಲೈಸೆನ್ಸ್ ಇರುವ ಮಾಲೀಕ ಆಯಿಲ್, ಸ್ಪಾರ್ಕ್ ಪ್ಲಗ್, ಟೈರು ತಾನೇ ಬದಲಾಯಿಸಬಹುದು ಎಂದು ನಿಯಮವೇ ಹೇಳುತ್ತದೆ. ಹಳೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು, ಲೋಹದ ಮಿಣುಕು ಇದೆಯೇ ಎಂದು ಎಲ್ಲರೂ ಬಗ್ಗಿ ನೋಡುವುದಿದೆಯಲ್ಲ, ಅದಕ್ಕೆ ಯಾವ ಮೀಟರೂ ಇಲ್ಲ.

ಹೋದ ಸಲ ಶಿವಮೊಗ್ಗದ ಹುಡುಗಿಯೊಬ್ಬಳು ಬಂದಿದ್ದಳು, ಹೊಸ ಸದಸ್ಯೆ. ಫಿಲ್ಟರ್ ಸಡಿಲವಾಗದಂತೆ ಸೇಫ್ಟಿ ವೈರ್ ಕಟ್ಟುವ ಕೆಲಸ ಅವಳಿಗೆ ಕೊಟ್ಟೆವು. ತನ್ನದೇ ಇಕ್ಕಳ ತಂದಿದ್ದಳು. ಇಂಚಿಗೆ ಎಂಟು ಹುರಿ, ಒಂದೇ ಅಳತೆ. "ಆರು ಸಾಕಮ್ಮ, ಎಂಟು ಹಾಕಿದರೆ ತಂತಿ ಬಿಗಿದು ಬಿರುಸಾಗುತ್ತೆ" ಎಂದೆ. "ಆರರಿಂದ ಎಂಟು ಅಂತಲೇ ಇದೆ ಅಂಕಲ್, ನಿಮ್ಮ ಹಳೆಯ ತಂತಿ ನೋಡಿದೆ, ಐದೂ ಇಲ್ಲ" ಎಂದಳು. ಅಂಚೆಯವರು ಇದ್ದಿದ್ದರೆ ನನ್ನ ಕಡೆ ಬರುತ್ತಿದ್ದರು. ಉಳಿದವರೆಲ್ಲ ಟಾರ್ಚ್ ತಂದು ಎಣಿಸಲು ಕೂತರು.