ಕರೆಂಟು ಬಂದ ಮೇಲೆ ಏನು?

ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವರೇ ಹೆಸರು ಕೊರೆದು ಕೊಡುತ್ತಿದ್ದರು. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ಇಸವಿ, ಎಲ್ಲವೂ ಚುಕ್ಕಿಚುಕ್ಕಿಯಾಗಿ ಅಂಚಿನಲ್ಲೇ ಇರುತ್ತಿತ್ತು. ಈಗ ಮನೆಗೆ ಬರುವ ವೈಫೈ ಪ್ಲಗ್ಗಿಗೆ, ಬಲ್ಬಿಗೆ ಇರುವ ಗುರುತೆಂದರೆ 12 ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ. ಸಾಮಾನ್ಯವಾಗಿ ಅದರ ಮೊದಲರ್ಧ ತಯಾರಕರು ಯಾರೆಂದು ಹೇಳುತ್ತದೆ. ಅಡುಗೆಮನೆಯದೋ ಮಹಡಿಯದೋ ಎಂಬುದು ತಿಳಿಯಬೇಕಾದರೆ ಆ್ಯಪ್ ತೆರೆಯಬೇಕು. ಆ ಆ್ಯಪ್ ಇರುವುದು ಮನೆಯಲ್ಲಿ ಒಬ್ಬರ ಫೋನಿನಲ್ಲಿ. ಅವರು ಊರಲ್ಲಿಲ್ಲದ ದಿನ ಉಳಿದವರಿಗೆ ತಮ್ಮ ಮನೆಯೇ ಗೊತ್ತಿಲ್ಲದಂತಾಗುತ್ತದೆ. ಇದು ಸರಿಯಲ್ಲ. ಸಾಧನಗಳ ಪಟ್ಟಿಯನ್ನು ಹೊರಗೆ ತೆಗೆದು ಎಕ್ಸೆಲ್ ಶೀಟಿಗೆ ಹಾಕಿ ಮನೆಯವರ ಕೈಗೆ ಕೊಡಿ ಎಂದು ನಾನು ಗೆಳೆಯರಿಗೆಲ್ಲ ಹೇಳುತ್ತಿರುವುದು ಅದಕ್ಕೇ.

ನಮ್ಮಲ್ಲಿರುವುದು ಹೋಮ್ ಅಸಿಸ್ಟೆಂಟ್. ನೆದರ್ಲೆಂಡ್ಸ್‌ನ ಪೌಲಸ್ ಸ್ಕೌಟ್ಸೆನ್ 2013ರಲ್ಲಿ ಶುರುಮಾಡಿದ, ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ಮುಕ್ತ ತಂತ್ರಾಂಶ. 2024ರಿಂದ ಓಪನ್ ಹೋಮ್ ಫೌಂಡೇಶನ್ ಅದನ್ನು ನೋಡಿಕೊಳ್ಳುತ್ತಿದೆ. ಅದರ ಡೆವಲಪರ್ ಟೂಲ್ಸ್‌ನಲ್ಲಿ ಟೆಂಪ್ಲೇಟ್ ಎಂಬ ಪುಟವಿದೆ. ಹೆಸರು, ಕೋಣೆ, ಕಂಪನಿ, ಮಾಡೆಲ್ ಇವನ್ನು ಅಲ್ಪವಿರಾಮ ಹಾಕಿ ಸಾಲುಸಾಲಾಗಿ ಬರೆ ಎಂದು ಅಲ್ಲಿ ಟೆಂಪ್ಲೇಟ್ ಭಾಷೆಯಲ್ಲಿ ಸೂಚನೆ ಕೊಟ್ಟರೆ ಪಕ್ಕದಲ್ಲೇ ಪಟ್ಟಿ ಮೂಡುತ್ತದೆ. ನಕಲು ಮಾಡಿ ಸಿಎಸ್‌ವಿ ಕಡತವಾಗಿ ಉಳಿಸಿದರಾಯಿತು.

ಆದರೆ ಅಲ್ಲಿ ಸಾಧನ ಬೇರೆ, ಎಂಟಿಟಿ ಬೇರೆ. ಗೀಸರಿನ ಪ್ಲಗ್ ಒಂದೇ ಆದರೂ ಅದರ ಸ್ವಿಚ್ಚು ಒಂದು ಎಂಟಿಟಿ, ವೋಲ್ಟೇಜ್ ಇನ್ನೊಂದು, ಎಷ್ಟು ವ್ಯಾಟ್ ಎಳೆಯುತ್ತಿದೆ, ಎಷ್ಟು ಯೂನಿಟ್ ಆಯಿತು ಎಂಬುದು ಮತ್ತೆರಡು. ಎಂಟಿಟಿಗಳನ್ನೇ ಇಳಿಸಿಕೊಂಡರೆ ಚಿಕ್ಕ ಮನೆಯೂ ನೂರಾರು ಸಾಲಾಗುತ್ತದೆ. ಅದನ್ನು ಯಾರೂ ಓದುವುದಿಲ್ಲ. ಪ್ರತಿ ಎಂಟಿಟಿ ಯಾವ ಸಾಧನದ್ದೆಂದು ಕೇಳಿ, ಮರುಕಳಿಸಿದ್ದನ್ನು ಬಿಡು ಎಂದು ಸೂಚನೆಯಲ್ಲೇ ಸೇರಿಸಬೇಕು. ಆಗ ಮನುಷ್ಯರು ಓದುವಂಥ ಪಟ್ಟಿ ಸಿಗುತ್ತದೆ.

ನಾವು ಹೆಸರಿಟ್ಟಿರುವುದು ಕನ್ನಡದಲ್ಲಿ: ನಡುಮನೆ ಫ್ಯಾನು, ಬಚ್ಚಲಮನೆ ಗೀಸರ್, ಸಂಪಿನ ಮೋಟರ್. ಈ ಕಡತವನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಾಣಬಹುದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಎಕ್ಸೆಲ್ ಆ ಬೈಟುಗಳನ್ನು ಬಿಡಿಬಿಡಿಯಾಗಿ ಬೇರೆ ಅಕ್ಷರಗಳೆಂದು ಓದಿಬಿಡುತ್ತದೆ. ಡೇಟಾ ಮೆನುವಿನ ಮೂಲಕ ಕಡತ ತಂದು, 65001 ಸಂಖ್ಯೆಯ ಯುನಿಕೋಡ್ ಆಯ್ಕೆ ಕೊಟ್ಟರೆ ನಡುಮನೆ ನಡುಮನೆಯಾಗಿಯೇ ಬರುತ್ತದೆ. ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಇದೆಲ್ಲ ಬೇಕಿಲ್ಲವಲ್ಲ ಎನ್ನುವವರಿದ್ದಾರೆ. ಪಟ್ಟಿ ನೋಡಬೇಕಾದವರು ನಮ್ಮಮ್ಮ. ಅವರು ಕರೆಯುವ ಹೆಸರೇ ಅಲ್ಲಿರಬೇಕು.

ಪಟ್ಟಿಯಲ್ಲಿ ಜೋಡಣೆ ಕೋಡಿಗೂ ಒಂದು ಕಾಲಮ್ ಇಡುವುದಾದರೆ ಎಚ್ಚರ ಬೇಕು. ಮ್ಯಾಟರ್ ಎಂಬ ಸ್ಮಾರ್ಟ್ ಹೋಮ್ ಮಾನದಂಡದ ಸಾಧನಗಳಲ್ಲಿ ಈ ಕೋಡ್ ಸಾಮಾನ್ಯವಾಗಿ 11 ಅಂಕಿಯದು. ಮೊದಲ ಅಂಕಿ ಸೊನ್ನೆಯಾಗಿದ್ದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ತಿಳಿದು ಸೊನ್ನೆಯನ್ನು ಬಿಟ್ಟುಬಿಡುತ್ತದೆ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ವಾಟ್ಸ್ಆ್ಯಪ್ ಗುಂಪಿಗೆ ಪಟ್ಟಿ ಕಳಿಸುವಾಗ ಈ ಕಾಲಮ್ಮನ್ನು ತೆಗೆದು ಕಳಿಸಿ.

ಇಷ್ಟಾದರೂ ಯಂತ್ರ ಕೊಟ್ಟದ್ದು ಅರ್ಧ ಪಟ್ಟಿ. ನಮಗೆ ಬೇಕಾದ ಮುಖ್ಯ ಕಾಲಮ್ಮನ್ನು ನಾವೇ ಕೂತು ತುಂಬಿದೆವು: ಕರೆಂಟು ಹೋಗಿ ಬಂದ ಮೇಲೆ ಇದು ಏನು ಮಾಡುತ್ತದೆ? ಹಲವು ಸ್ಮಾರ್ಟ್ ಬಲ್ಬುಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಗೋಡೆಯ ಸ್ವಿಚ್ಚು ಒತ್ತಿದವರಿಗೂ ಬೆಳಕು ಸಿಗಲೆಂದು ಅವನ್ನು ಹಾಗೆ ಮಾಡಿರುತ್ತಾರೆ. ನಡುರಾತ್ರಿ ಕರೆಂಟು ಬಂದರೆ ಮಲಗಿದ್ದವರು ಎದ್ದು ಕೂರಬೇಕು. ಕೆಲವು ಪ್ಲಗ್ಗುಗಳು ಮೊದಲಿದ್ದ ಸ್ಥಿತಿಗೇ ಮರಳುತ್ತವೆ, ಕೆಲವು ಆರಿಯೇ ಇರುತ್ತವೆ. ಬಲ್ಬಿನದು ನಿದ್ದೆಯ ಪ್ರಶ್ನೆ. ಗೀಸರಿನದು, ಸಂಪಿನ ಮೋಟರಿನದು ಜೀವದ ಪ್ರಶ್ನೆ. ನೀರು ತಳಕ್ಕಿಳಿದ ಸಂಪಿನಲ್ಲಿ ಮೋಟರು ತಾನಾಗಿ ಓಡತೊಡಗಿದರೆ ಸುಟ್ಟೇ ಹೋಗಬಹುದು. ಅಪ್ಪ ಮೇನ್ ಸ್ವಿಚ್ ಇಳಿಸಿ, ಏರಿಸಿ, ಒಂದೊಂದು ಕೋಣೆಗೂ ಹೋಗಿ ನೋಡಿ ಕೂಗಿ ಹೇಳಿದರು, ನಾನು ಬರೆದುಕೊಂಡೆ. ಆರಿಯೇ ಇರಬೇಕಾದವನ್ನು ಆವತ್ತೇ ಸೆಟಿಂಗ್ಸ್‌ನಲ್ಲಿ ಹಾಗೆ ಬದಲಿಸಿದೆವು.

ಪ್ರಿಂಟ್ ತೆಗೆದು ಕೊಟ್ಟಾಗ ಅಪ್ಪ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. "ಇದನ್ನ ಪೂರ್ತಿ ಆರಿಸೋಕೆ ಯಾವ ಎಂಸಿಬಿ ಇಳಿಸ್ಬೇಕು? ಅದನ್ನೂ ಒಂದು ಕಾಲಮ್ ಹಾಕಮ್ಮ" ಎಂದರು. ಈ ವಾರ ಆ ಕಾಲಮ್ ತುಂಬುತ್ತಿದ್ದೇವೆ.