ನಾಟಕದ ದಂಪತಿಗಳು

ಲೋಕದಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ. ಕೆಲವರು ತಿರುಪತಿಯ ಬೆಟ್ಟವನ್ನು ವರ್ಷಕ್ಕೊಮ್ಮೆ ಹತ್ತಿ ಇಳಿಯುತ್ತಾರೆ. ಇನ್ನು ಕೆಲವರು ಎಲ್ಲಿಗೂ ಹೋಗದೆ ಜಗಲಿಯ ಮೇಲೆಯೇ ಕುಳಿತು, ಹೋಗಿಬಂದವರ ಗುಣದೋಷಗಳನ್ನು ವಿಮರ್ಶಿಸುತ್ತಾರೆ. ಶಿರಾ ಸೀಮೆಯ ಗೌಡಗೆರೆಯಲ್ಲಿದ್ದ ಒಬ್ಬ ದಂಪತಿಗಳು ಈ ಮೂರು ಗುಂಪಿಗೂ ಸೇರಿದವರಲ್ಲ. ಅವರ ತೀರ್ಥಯಾತ್ರೆಯೆಲ್ಲ ಒಂದು ನಾಟಕದ ಡೇರೆಯಿಂದ ಇನ್ನೊಂದು ನಾಟಕದ ಡೇರೆಗೆ. ಅವರ ಕ್ಷೇತ್ರದೇವತೆ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಊರವರು ಅವರನ್ನು ಹಿಂದಿನಿಂದ 'ನಾಟಕದವರು' ಎಂದೂ, ಎದುರಿಗೆ ಯಜಮಾನರು, ಅಮ್ಮನವರು ಎಂದೂ ಕರೆಯುತ್ತಿದ್ದರು. ಈ ಎರಡು ಹೆಸರುಗಳ ನಡುವಿನ ಅಂತರವನ್ನು ಅವರು ಚೆನ್ನಾಗಿ ಬಲ್ಲರು, ಬಲ್ಲೆವೆಂದು ತೋರಿಸಿಕೊಂಡವರಲ್ಲ.

ಯಜಮಾನರಿಗೆ ಹತ್ತಾರು ಎಕರೆ ಖುಷ್ಕಿ ಜಮೀನು. ರಾಗಿ, ಕಡಲೆಕಾಯಿ, ಹುಣಿಸೆಯ ನಾಲ್ಕಾರು ಮರ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ ಎಂಬುದು ಆ ಸೀಮೆಯ ಸಾಮಾನ್ಯ ಕ್ರಮ. ಮದುವೆಯಾದ ನಾಲ್ಕನೆಯ ವರ್ಷ ಅವರಿಗೊಬ್ಬ ಮಗ ಹುಟ್ಟಿದನು. ಮೂರು ವರ್ಷ ತುಂಬುವುದರೊಳಗಾಗಿ ಒಂದು ವಾರದ ಜ್ವರದಲ್ಲಿ ತೀರಿಕೊಂಡನು. ಅಂದಿನಿಂದ ಅಮ್ಮನವರು ಮಾತನ್ನು ಬಿಟ್ಟರೆಂದೇ ಹೇಳಬಹುದು. ಕೆಲಸ ನಡೆಯುತ್ತಿತ್ತು, ಒಲೆ ಉರಿಯುತ್ತಿತ್ತು, ಬಂದವರಿಗೆ ಮಣೆ, ನೀರು, ಮಜ್ಜಿಗೆ ಯಾವುದಕ್ಕೂ ಲೋಪವಿರಲಿಲ್ಲ. ಆದರೆ ಮನೆಯೊಳಗೆ ಒಂದು ಬಾಗಿಲನ್ನು ಮುಚ್ಚಿ ಬೀಗ ಹಾಕಿದಂತಿತ್ತು. ಹರಕೆಗಳಾದವು, ತಾಯಿತಗಳಾದವು, ತವರಿನಲ್ಲಿ ಎರಡು ತಿಂಗಳು ಇದ್ದುಬಂದುದೂ ಆಯಿತು. ಬೀಗ ತೆಗೆಯಲಿಲ್ಲ.

ಒಂದು ಮಾಗಿಯಲ್ಲಿ ಯಜಮಾನರು ಕಡಲೆಕಾಯಿಯ ಮೂಟೆಗಳನ್ನು ತುಮಕೂರಿನ ಮಂಡಿಗೆ ಸಾಗಿಸಬೇಕಾಗಿ ಬಂದಿತು. ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟುಹೋಗಲು ಮನಸ್ಸಾಗದೆ, ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿಯ ದರ್ಶನವಾಗಲೆಂಬ ನೆವದಿಂದ ಬಂಡಿಯಲ್ಲಿ ಕೂರಿಸಿಕೊಂಡು ಹೊರಟರು. ತುಮಕೂರಿನಲ್ಲಿ ಆಗ ಗುಬ್ಬಿ ಕಂಪನಿಯ ಮೊಕ್ಕಾಂ. ಬ್ಯಾಂಡು ಬಾರಿಸುತ್ತ ಬೀದಿಯಲ್ಲಿ ಹೋಗುತ್ತಿದ್ದ ಜಟಕಾದಿಂದ ಒಬ್ಬನು ಎಸೆದ ಹಸುರು ಬಣ್ಣದ ಕರಪತ್ರವೊಂದು ಅಮ್ಮನವರ ಮಡಿಲಿಗೆ ಬಿದ್ದಿತು. ಅಂದಿನ ಆಟ 'ಸದಾರಮೆ'.

ಬೆಳ್ಳಾವೆ ನರಹರಿಶಾಸ್ತ್ರಿಗಳ ಆ ನಾಟಕದಲ್ಲಿ ವೀರಣ್ಣನವರದು ಕಳ್ಳನ ಪಾತ್ರ. ಕಂಪನಿಗೆ ಒಡೆಯನಾದವನು ರಾಜನ ಕಿರೀಟವನ್ನು ತಾನೇ ಧರಿಸುವುದು ನಾಟಕಲೋಕದ ವಾಡಿಕೆ. ವೀರಣ್ಣನವರು ಮಾತ್ರ ಕಿರೀಟವನ್ನು ಇತರರಿಗೆ ಬಿಟ್ಟು, ನಗಿಸುವ ಕೆಲಸವನ್ನು ತಮಗೆ ಇಟ್ಟುಕೊಂಡಿದ್ದರು. ಕಳ್ಳನು ರಂಗಕ್ಕೆ ಬಂದು, ತನ್ನ ಕಸುಬಿನ ಧರ್ಮಸೂಕ್ಷ್ಮಗಳನ್ನು ಸಭೆಗೆ ವಿವರಿಸುವಷ್ಟರಲ್ಲಿ, ಹೆಂಗಸರ ಚಾಪೆಯ ಕಡೆಯಿಂದ ಒಂದು ನಗು ಕೇಳಿಬಂದಿತು. ಗಂಡಸರ ಕಡೆಯಲ್ಲಿ ಕುಳಿತಿದ್ದ ಯಜಮಾನರು ಆ ನಗುವನ್ನು ಗುರುತಿಸಿದರು. ಗುರುತಿಸಿ, ಎಲ್ಲರೂ ನಗುತ್ತಿರುವಾಗ ತಾವೊಬ್ಬರೇ ಉತ್ತರೀಯದಿಂದ ಕಣ್ಣೊರಸಿಕೊಂಡರು. ಹಿಂದಿರುಗುವಾಗ ಅಮ್ಮನವರು ಸೀಬಿಯವರೆಗೆ ಬಿಕ್ಕಿ ಬಿಕ್ಕಿ ಅತ್ತರು; ಸೀಬಿಯಿಂದ ಶಿರಾದವರೆಗೆ ಕಳ್ಳನ ಮಾತುಗಳನ್ನು ಒಂದೊಂದಾಗಿ ನೆನೆದು ಹೇಳಿದರು. ಯಜಮಾನರು ಆ ದಿನ ಮಂಡಿಯಲ್ಲಿ ಬಂದ ಹಣವನ್ನು ಎಣಿಸಿಕೊಳ್ಳಲು ಮರೆತಿದ್ದರಂತೆ.

ಹೀಗೆ ಮೊದಲಾದುದು ಅವರ ಭಕ್ತಿ. ಆ ಕಂಪನಿಯೂ ಭಕ್ತಿಗೆ ಪಾತ್ರವಾದುದೇ ಸರಿ. 1884ರಲ್ಲಿ ಗುಬ್ಬಿಯಲ್ಲಿ ಕೆಲವು ಮಿತ್ರರು ಸೇರಿ ಕಟ್ಟಿದ ಸಂಘವದು. 1891ರಲ್ಲಿ ಹುಟ್ಟಿದ ವೀರಣ್ಣನವರು ಎಳೆಯ ಬಾಲಕರಾಗಿಯೇ ಅದನ್ನು ಸೇರಿ, ಮುಂದೆ ಅದರ ಒಡೆಯರಾದರು. ಹೆಣ್ಣಿನ ಪಾತ್ರವನ್ನು ಗಂಡಸರೇ ವಹಿಸುತ್ತಿದ್ದ ಕಾಲದಿಂದ ಕಂಪನಿಯು ಬಿ. ಜಯಮ್ಮನವರಂತಹ ಗಾಯಕಿಯರ ಕಾಲಕ್ಕೆ ಬಂದಿತು. ಕನ್ನಡದ ಜೊತೆಗೆ ತೆಲುಗು, ತಮಿಳು ನಾಟಕಗಳನ್ನೂ ಆಡಿ, ದಕ್ಷಿಣದೇಶದಲ್ಲೆಲ್ಲ ಸಂಚರಿಸಿತು. ಜಿಲ್ಲೆಯ ಒಂದು ಸಣ್ಣ ಪೇಟೆಯ ಹೆಸರು ಮದರಾಸಿನವರೆಗೆ ಹಬ್ಬಿದುದು ಅಲ್ಲಿಯ ಅಡಕೆ ತೆಂಗುಗಳಿಂದಲ್ಲ, ಈ ಪರದೆಗಳಿಂದ.

ಗೌಡಗೆರೆಯಲ್ಲಿ ಮಾತು ಹುಟ್ಟದೆ ಇರಲಿಲ್ಲ. ಮಗು ಸತ್ತ ಮನೆಯ ಹೆಣ್ಣು ರಾತ್ರಿಯೆಲ್ಲ ನಾಟಕ ನೋಡುವುದೆಂದರೇನು? ಯಜಮಾನರ ತಾಯಿಯವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲವಾದರೂ, ಪಾತ್ರೆಗಳ ಸದ್ದಿನಿಂದ ಕೇಳುತ್ತಿದ್ದರು. ಆದುದರಿಂದ ಪ್ರತಿ ಪ್ರಯಾಣಕ್ಕೂ ಸೀಬಿಯ ನರಸಿಂಹನೇ ನೆವ. ಕಂಪನಿ ತುಮಕೂರಿಗೆ ಬಂದಾಗಲೆಲ್ಲ ನರಸಿಂಹಸ್ವಾಮಿ ಮಗನ ಕನಸಿನಲ್ಲಿ ಬರುತ್ತಾನೆಂಬುದನ್ನು ಮುದುಕಿ ಎರಡು ವರ್ಷ ಗಮನಿಸಿ, ಮೂರನೆಯ ವರ್ಷ, "ಈ ಸಲ ಸ್ವಾಮಿಯನ್ನು ನಾನೂ ನೋಡಬೇಕಪ್ಪ" ಎಂದು ತಾವೇ ಮೊದಲು ಬಂಡಿಯನ್ನು ಹತ್ತಿ ಕುಳಿತರು. ದಂಪತಿಗಳಿಗೆ ದಿಕ್ಕು ತೋಚಲಿಲ್ಲ. ಸೀಬಿಯಲ್ಲಿ ಪೂಜೆಯಾಯಿತು, ಬಂಡಿ ಹಿಂದಕ್ಕೆ ತಿರುಗಬೇಕು. "ಎತ್ತುಗಳು ತುಮಕೂರಿನ ಕಡೆಗೇ ನೋಡುತ್ತಿವೆಯಲ್ಲ, ಅವಕ್ಕೂ ಅಭ್ಯಾಸವೋ?" ಎಂದು ಮುದುಕಿ ಕೇಳಿದರು. ಅಂದು ರಾತ್ರಿ 'ದಶಾವತಾರ'. ಕಂಬವು ಬಿರಿದು ನರಸಿಂಹನು ಹೊರಬಂದೊಡನೆ ಮುದುಕಿ ಎದ್ದುನಿಂತು, ನೆರೆದ ಸಭೆಯ ನಡುವೆಯೇ ಅಡ್ಡಬಿದ್ದರು. ಅಲ್ಲಿಂದ ಮುಂದೆ ಪಾತ್ರೆಗಳು ಸದ್ದುಮಾಡಲಿಲ್ಲ. ಕಂಪನಿ ಯಾವ ಊರಿನಲ್ಲಿದೆಯೆಂದು ಮೊದಲು ವಿಚಾರಿಸುತ್ತಿದ್ದವರೂ ಅವರೇ ಆದರು.

ಅಂದಿನ ನಾಟಕ ನೋಡುವುದು ಸುಲಭವಾದ ಸುಖವಲ್ಲ. ರಾತ್ರಿ ಊಟವಾದ ಮೇಲೆ ಗಂಟೆ ಬಾರಿಸಿ ಆರಂಭವಾದರೆ, ಮಂಗಳವಾಗುವಾಗ ಕೋಳಿ ಕೂಗುತ್ತಿತ್ತು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ನಟನ ಕಂಠವು ಕಡೆಯ ನೆಲದವನಿಗೂ ಕೇಳಬೇಕು. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಎಂಬ ಕೂಗಿಗೆ ಸಾಯುತ್ತಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕು. ಹಿಂದಿರುಗುವ ದಾರಿಯಲ್ಲಿ ದಂಪತಿಗಳಿಗೆ ವಾದ. ಜಯಮ್ಮನವರು ಅಂದು ಹಾಡಿದುದು ಇಂದಿಗಿಂತ ಮೇಲೆಂದು ಅವರು. ಇಂದಿನದೇ ಮೇಲೆಂದು ಇವರು. ಯಜಮಾನರು ಹಟಹಿಡಿದು ಒಂದು ಹಾರ್ಮೋನಿಯಂ ಕೊಂಡುತಂದರು. ಮೂರು ತಿಂಗಳ ಅಭ್ಯಾಸದ ಫಲವಾಗಿ ಕೊಟ್ಟಿಗೆಯ ಎಮ್ಮೆ ಹಾಲು ಕೊಡುವುದನ್ನು ಕಡಿಮೆಮಾಡಿತೆಂದು ಅಮ್ಮನವರ ದೂರು. ಒಮ್ಮೆ ಕಳ್ಳಂಬೆಳ್ಳದ ಬಳಿ ನಡುರಾತ್ರಿಯಲ್ಲಿ ಬಂಡಿಯ ಅಚ್ಚು ಮುರಿಯಿತು. ಕತ್ತಲೆಯಲ್ಲಿ ಯಾರೋ ಕೋಲು ಹಿಡಿದು ಬರುವುದನ್ನು ಕಂಡು ಬಂಡಿಯಾಳು ನಡುಗಿದನು. ಅಮ್ಮನವರು ಮಾತ್ರ, "ಹೆದರಬೇಡ, ನಮ್ಮ ಕಳ್ಳನೇ ಇರಬೇಕು" ಎಂದರು. ಬಂದವನು ಒಬ್ಬ ಕುರುಬ. ತನ್ನ ಕಂಬಳಿಯನ್ನು ಹೆಂಗಸಿಗೆ ಹೊದೆಯಲು ಕೊಟ್ಟು, ಬೆಳಗಿನವರೆಗೆ ಕಾವಲಿದ್ದು, ಕೂಲಿಗೆ ಬದಲಾಗಿ ನಾಟಕದ ಕಥೆಯನ್ನು ಕೇಳಿಸಿಕೊಂಡನು.

ಆದರೆ ಎಲ್ಲ ಆಟಗಳೂ ನಗುವಿನಲ್ಲಿ ಮುಗಿಯಲಿಲ್ಲ. 'ಕೃಷ್ಣಲೀಲೆ'ಯ ದಿನ ಬಾಲಕೃಷ್ಣನು ಬೆಣ್ಣೆಯ ಗಡಿಗೆಗೆ ಕೈಹಾಕಿದಾಗ ಅಮ್ಮನವರು ಎದ್ದು ಹೊರಗೆ ಹೋದರು. ಯಜಮಾನರೂ ಹೊರಬಂದು ನೋಡಿದರೆ, ಡೇರೆಯ ಹಗ್ಗವನ್ನು ಹಿಡಿದು ನಿಂತಿದ್ದಾರೆ. ಇಬ್ಬರೂ ಮಾತಾಡಲಿಲ್ಲ, ಒಳಗಿನಿಂದ ಬರುತ್ತಿದ್ದ ಹಾಡನ್ನು ಅಲ್ಲಿಯೇ ನಿಂತು ಮುಗಿಯುವವರೆಗೂ ಕೇಳಿದರು. ಮರುದಿನ ಬೆಳಿಗ್ಗೆ ಅಮ್ಮನವರು, ದಾರಿಯ ಬುತ್ತಿಗೆಂದು ತಂದಿದ್ದ ಕೋಡುಬಳೆಯ ಡಬ್ಬವನ್ನು ಎತ್ತಿಕೊಂಡು ಕಂಪನಿಯ ಬಿಡಾರಕ್ಕೆ ನಡೆದರು. ಹಿಂದಿನ ರಾತ್ರಿಯ ಕೃಷ್ಣನು ಬಾವಿಯ ಕಟ್ಟೆಯ ಹತ್ತಿರ ಕುಳಿತು ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳುತ್ತಿದ್ದನು. ಕಿವಿಯ ಹಿಂದೆ ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ. ಡಬ್ಬವನ್ನು ತೆಗೆದುಕೊಂಡು, "ಇಷ್ಟೂ ನನಗೆಯೇ ಅಮ್ಮಾ?" ಎಂದನು. ಅಮ್ಮನವರು ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಕಿವಿಯ ಹಿಂದಿನ ನೀಲಿಯನ್ನು ಒರಸಿ ಬಂದರು. ಅಂದಿನಿಂದ ಕಂಪನಿಗೆ ಹೋಗುವ ಪ್ರತಿ ಬಂಡಿಯಲ್ಲಿಯೂ ಮಕ್ಕಳಿಗಾಗಿ ಒಂದು ಡಬ್ಬವಿರುತ್ತಿತ್ತು. ಒಬ್ಬನು ದೊಡ್ಡವನಾದರೆ ಇನ್ನೊಬ್ಬನು ಕೃಷ್ಣ. ಕಂಪನಿಯಲ್ಲಿ ಕೃಷ್ಣನಿಗೆ ಎಂದೂ ವಯಸ್ಸಾಗುವುದಿಲ್ಲವಷ್ಟೆ.

1934ರಲ್ಲಿ ಬೆಂಗಳೂರಿನಲ್ಲಿ 'ಕುರುಕ್ಷೇತ್ರ' ನಾಟಕವಾಗುವುದೆಂದೂ, ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುವುವೆಂದೂ ಸುದ್ದಿ ಹಬ್ಬಿತು. ಆ ವರ್ಷವೇ ಯಜಮಾನರು ಬಾವಿ ತೋಡಿಸಬೇಕೆಂದು ಹಣ ಕೂಡಿಹಾಕಿದ್ದರು. ಹಿತ್ತಿಲಿನಲ್ಲಿ ಹನ್ನೆರಡು ತೆಂಗಿನ ಸಸಿಗಳನ್ನು ಆಗಲೇ ನೆಟ್ಟೂ ಇದ್ದರು. ಮೂವರ ಪ್ರಯಾಣ, ಬೆಂಗಳೂರಿನ ವಾಸ, ಎರಡು ದಿನದ ಆಟ: ಲೆಕ್ಕ ಹಾಕಿದರೆ ಬಾವಿಯ ಹಣ ಅರ್ಧಕ್ಕಿಳಿಯುವುದು. "ಬಾವಿಯನ್ನು ಬರುವ ವರ್ಷ ತೋಡಬಹುದು, ಯುದ್ಧ ನಮಗಾಗಿ ಕಾಯುವುದಿಲ್ಲ" ಎಂದು ಅಮ್ಮನವರು ತೀರ್ಪು ಕೊಟ್ಟರು. ಹೋದರು; ನೋಡಿದರು. ಆನೆಯು ನಡೆದುಬಂದಾಗ ಯಜಮಾನರು ಪಕ್ಕದವರ ಕೈಯನ್ನು ಹಿಡಿದುಕೊಂಡರೆಂದೂ, ಆ ಪಕ್ಕದವರು ಅಪರಿಚಿತರೆಂದೂ ಮನೆಯಲ್ಲಿ ಬಹುಕಾಲ ನಗೆಯಾಯಿತು. ಮುಂದಿನ ಬೇಸಗೆಯಲ್ಲಿ ನೀರಿಲ್ಲದೆ ಸಸಿಗಳು ಬಾಡತೊಡಗಿದವು. ಅಮ್ಮನವರು ಊರ ಬಾವಿಯಿಂದ ಬೆಳಗಿನ ಜಾವ ಕೊಡ ಹೊತ್ತು ತಂದು ಒಂದೊಂದಕ್ಕೂ ಹೊಯ್ದರು. ಹೊಯ್ಯುವಾಗ ಒಂದೊಂದಕ್ಕೂ ಹೆಸರಿಟ್ಟರು. ಭೀಮ, ಅರ್ಜುನ, ಕರ್ಣ ಬದುಕಿಕೊಂಡರು. ಅಭಿಮನ್ಯು ಎಂದು ಕರೆದುದು ಎಳೆಯದಾಗಿಯೇ ಒಣಗಿತು. ಆರು ಸಸಿಗಳು ಹೋದವು. ಬಾವಿ ಆದುದು ಮತ್ತೆ ಐದು ವರ್ಷಗಳ ಮೇಲೆ. ಇದು ನಷ್ಟವಲ್ಲವೆಂದು ಹೇಳುವವನು ಬೇಸಾಯವನ್ನು ಅರಿಯದವನು. ಆದರೆ ಮನೆಯಲ್ಲಿ ಈ ವಿಷಯವಾಗಿ ಒಬ್ಬರನ್ನೊಬ್ಬರು ದೂರಿದುದುಂಟೆಂದು ಯಾರೂ ಕೇಳಿಲ್ಲ.

ಮುಂದೆ ಕಾಲ ಬದಲಾಯಿತು. ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನ' ಬಂದುದೂ 1934ರಲ್ಲಿಯೇ. ಡೇರೆಯ ಜನ ಕ್ರಮವಾಗಿ ಟಾಕೀಸಿನ ಕಡೆಗೆ ಸರಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಾಲದೆ, ಇದ್ದಲಿನ ಅನಿಲದಿಂದ ಏದುತ್ತ ಓಡುತ್ತಿದ್ದ ಬಸ್ಸಿನಲ್ಲಿ ಕುಳಿತು ಈ ದಂಪತಿಗಳು ಮುಖವೆಲ್ಲ ಮಸಿಯಾಗಿ ನಾಟಕಕ್ಕೆ ಬಂದುದುಂಟು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರವು ತೆರೆಕಂಡಾಗ, ವೀರಣ್ಣನವರ ಕಡೆಯದೆಂಬ ಒಂದೇ ಕಾರಣದಿಂದ ಅದನ್ನೂ ನೋಡಿದರು. ಕಣ್ಣಪ್ಪನಾಗಿದ್ದ ರಾಜಕುಮಾರರೂ, ತಿಪಟೂರಿನ ನರಸಿಂಹರಾಜುವೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಪರದೆಯ ಮೇಲೆ ಅವರನ್ನು ಕಂಡ ಅಮ್ಮನವರು, "ಈ ಹುಡುಗರಲ್ಲಿ ಯಾರಾದರೂ ನನ್ನ ಕೋಡುಬಳೆ ತಿಂದಿರಬಹುದು" ಎಂದರಂತೆ. ಇರಬಹುದು, ಇಲ್ಲದಿರಬಹುದು. ಅದನ್ನು ಪರಿಶೀಲಿಸುವ ಆಸೆ ಅವರಿಗಿರಲಿಲ್ಲ.

ವೀರಣ್ಣನವರು 1972ನೆಯ ಅಕ್ಟೋಬರ್ 18ರಂದು ತೀರಿಕೊಂಡರು. ಯಜಮಾನರು ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ಓದಿ, ಹೆಂಡತಿಗೆ ತಿಳಿಯಬಾರದೆಂದು ಪತ್ರಿಕೆಯನ್ನು ಹಾಸಿಗೆಯ ಕೆಳಗಿಟ್ಟರು. ಅಮ್ಮನವರು ನೆರೆಮನೆಯ ರೇಡಿಯೋದಿಂದ ಅದನ್ನು ಮೊದಲೇ ಕೇಳಿದ್ದರು. ಗಂಡನಿಗೆ ತಿಳಿಯಬಾರದೆಂದು, ಅಂದು ಪತ್ರಿಕೆ ಬಂದಿಲ್ಲವೇ ಎಂದು ವಾಡಿಕೆಯಂತೆ ಕೇಳಿದರು. ಒಬ್ಬರನ್ನೊಬ್ಬರು ಕಾಪಾಡುವ ಈ ನಾಟಕ ಸಂಜೆಯವರೆಗೆ ನಡೆಯಿತು. ದೀಪ ಹಚ್ಚಿದ ಮೇಲೆ ಇಬ್ಬರೂ ಜಗಲಿಗೆ ಬಂದು ಕುಳಿತರು. ಬಹಳ ಹೊತ್ತಾದ ಮೇಲೆ ಅಮ್ಮನವರು, "ಆ ದಿನ ಕಳ್ಳ ನನ್ನನ್ನು ನಗಿಸದೆ ಇದ್ದಿದ್ದರೆ ನಾನು ಬದುಕುತ್ತಿರಲಿಲ್ಲ, ಕಂಡ್ರೀ" ಎಂದರು. ಆಮೇಲೆ, ನಲವತ್ತು ವರ್ಷಗಳಿಗೂ ಮೇಲಾಗಿ ಆ ಮನೆಯಲ್ಲಿ ಯಾರೂ ಉಚ್ಚರಿಸದೆ ಇದ್ದ ಮಗುವಿನ ಹೆಸರನ್ನು ಹೇಳಿದರು. ಅವನು ಮೊದಲು ಆಡಿದ ಮಾತು ಯಾವುದು, ಯಾವ ಬಾಗಿಲಿನ ಹೊಸಲಿನಲ್ಲಿ ಎಡವಿ ಬಿದ್ದನು ಎಂಬುದನ್ನೆಲ್ಲ ಇಬ್ಬರೂ ಒಬ್ಬರಿಗೊಬ್ಬರು ನೆನಪುಮಾಡಿಕೊಟ್ಟರು. ಒಂದೆರಡು ಕಡೆ ಭೇದ ಬಂದಿತು, ವಾದವೂ ಆಯಿತು. ಕೋಳಿ ಕೂಗುವವರೆಗೆ ಕುಳಿತಿದ್ದರು. ಅಷ್ಟು ಹೊತ್ತು ಎಚ್ಚರವಾಗಿರುವುದು ಅವರಿಗೆ ಹೊಸದಲ್ಲ.

ಈಗ ಅವರಿಬ್ಬರೂ ಇಲ್ಲ. ಒಂದು ತಗಡಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಕರಪತ್ರಗಳ ಕಟ್ಟು ಉಳಿದಿದೆ. ಎಲ್ಲಕ್ಕೂ ಕೆಳಗಿರುವುದು ಮಡಿಲಿಗೆ ಬಿದ್ದ ಆ ಹಸುರು ಕಾಗದ. ಹಿತ್ತಿಲಿನಲ್ಲಿ ಬದುಕಿದ ತೆಂಗಿನ ಮರಗಳ ಪೈಕಿ ಒಂದು, ಬೇಲಿಯನ್ನು ದಾಟಿ ಬಾಗಿ, ತನ್ನ ಕಾಯಿಗಳನ್ನೆಲ್ಲ ಪಕ್ಕದವರ ಅಂಗಳಕ್ಕೆ ಕೆಡಹುತ್ತದೆ. ನೆಟ್ಟ ಮನೆಯ ನೀರನ್ನು ಕುಡಿದು ಫಲವನ್ನು ಇನ್ನೊಬ್ಬರಿಗೆ ಸಾಗಿಸುವ ಆ ಮರಕ್ಕೆ ಅಮ್ಮನವರು ಇಟ್ಟ ಹೆಸರು 'ಕಳ್ಳ'. ಅದನ್ನು ಕಡಿಸಬೇಕೆಂದು ಆಳುಗಳು ಎಷ್ಟೋ ಸಲ ಹೇಳಿದ್ದರು. ದಂಪತಿಗಳು ಎಂದೂ ಒಪ್ಪಲಿಲ್ಲ. ಪಕ್ಕದ ಮನೆಯ ಮಕ್ಕಳು ಈಗಲೂ ಅದನ್ನು ಆ ಹೆಸರಿನಿಂದಲೇ ಕರೆಯುತ್ತಾರೆ.